ಶರಣವ್ವ ತೊಳೆದಿಟ್ಟ ಬಾಟಲಿಗಳು

ಕಲ್ಮೇಶ್ ತೀರಿಕೊಂಡು ವರ್ಷವಾಗುತ್ತ ಬಂತು. ಶೋರ್‌ಲೈನ್ ಎಂಬ ಊರಿನ ಅವನ ಮನೆಗೆ ಹೋದವರು ಈಗಲೂ ಕಣ್ಣೊರೆಸಿಕೊಂಡು ಕೂತು, ಕಡೆಗೆ ಬಾಟಲಿಗಳ ಕಥೆ ಕೇಳಿ ನಕ್ಕು ಎದ್ದುಬರುತ್ತಾರೆ. ಅವನಿಗೂ ಅದೇ ಇಷ್ಟವಾಗುತ್ತಿತ್ತು.

ಅವನು ಇಳಕಲ್ಲಿನವನು. ಅಪ್ಪನದು ಗ್ರಾನೈಟ್ ಪಾಲಿಶ್ ಮಾಡುವ ಶೆಡ್. ಕಲ್ಲು ಕೊಳ್ಳುವ ಮುಂಚೆ ಮೇಲೆ ನೀರು ಸುರಿದು ಬಣ್ಣ ನೋಡುವುದು ಅಪ್ಪನ ರೂಢಿ. ಕಡಲಾಚೆ ರೆಡ್ಮಂಡಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಷ್ಟು ಕಾಲವಾದರೂ ಮಗನಿಗೆ ಆ ಚಾಳಿ ಬಿಟ್ಟಿರಲಿಲ್ಲ. ಯಾರ ಅಡುಗೆಮನೆಗೆ ಹೋದರೂ ಕಟ್ಟೆಯ ಕಲ್ಲಿನ ಮೇಲೆ ಒದ್ದೆ ಬೆರಳು ಎಳೆದು ನೋಡುತ್ತಿದ್ದ.

ಆಫೀಸಿನ ಗೆಳೆಯ, ಮೈಸೂರಿನ ಅಶ್ವತ್ಥನಾರಾಯಣನ ಜೊತೆ ಒಮ್ಮೆ ಸ್ಪೇನಿಗೆ ಹೋಗಿದ್ದ. ಅಲ್ಲಿ ಬೆಟ್ಟದ ಮೇಲೊಂದು ಹಳೆಯ ದ್ರಾಕ್ಷಿ ತೋಟ. ಚಪ್ಪರವಿಲ್ಲ, ತಂತಿಯಿಲ್ಲ, ಮೊಣಕಾಲೆತ್ತರದ ಗಂಟುಗಂಟು ಬಳ್ಳಿಗಳು, ಕಾಲಡಿಯಲ್ಲಿ ಪುಡಿಯಾದ ಗ್ರಾನೈಟ್. ಕಲ್ಮೇಶ್ ಕುಡಿಯುವ ನೀರನ್ನೆಲ್ಲ ಬಂಡೆಯ ಮೇಲೆ ಸುರಿದ.

"ನಮ್ಮೂರ ಕಲ್ಲು ಕೆಂಪ, ಇದು ಬೂದಿ. ಆದ್ರ ಅಣ್ಣತಮ್ಮಂದಿರು ಹೌದು."

"ನೀರು ಮುಗೀತಲ್ಲಯ್ಯಾ! ಇಳಿಯೋವಾಗ ಏನು ಕುಡಿಯೋದು, ನಿನ್ನ ತಲೆನಾ?" ಎಂದ ಅಶ್ವತ್ಥ.

ಆ ತೋಟದ ಕೆಂಪು ವೈನು ಒಂದೇ ಒಂದು ಬಾಟಲಿ ಸಿಕ್ಕಿತು. ಕಲ್ಮೇಶನ ಐವತ್ತನೆಯ ಹುಟ್ಟುಹಬ್ಬಕ್ಕೆ ಇಬ್ಬರೂ ಕೂತು ಕುಡಿಯಬೇಕೆಂದು ಮಾತಾಯಿತು.

ಹುಟ್ಟುಹಬ್ಬ ಬಂದದ್ದು ೨೦೧೬ರ ಬೇಸಿಗೆಯಲ್ಲಿ. ಅದಕ್ಕೂ ಮೊದಲೇ ಇಳಕಲ್ಲಿನಿಂದ ತಾಯಿ ಶರಣವ್ವ ಬಂದಿದ್ದರು. ಕೈಕಟ್ಟಿ ಕೂರುವ ಹೆಂಗಸಲ್ಲ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಧೂಳು ಹಿಡಿದು ಮಲಗಿದ್ದ ಐದು ಬಾಟಲಿಗಳನ್ನು ನೀರಲ್ಲಿ ನೆನೆಸಿ, ಉಜ್ಜಿ, ಸಾಲಾಗಿ ನಿಲ್ಲಿಸಿಬಿಟ್ಟರು.

ಹುಟ್ಟುಹಬ್ಬದ ಬೆಳಗ್ಗೆ ಕಲ್ಮೇಶ್ ಕಪಾಟು ತೆರೆದವನೇ ಒಂದು ಬಾಟಲಿ ಹಿಡಿದು ತಾಯಿಯ ಬಳಿಗೆ ಓಡಿದ.

"ಯವ್ವಾ, ಇವುಗಳ ಮ್ಯಾಲಿನ ಚೀಟಿ ಎಲ್ಲಿ?"

"ಕಸಕ್ಕ ಹೋದ್ವು. ಖಾಲಿ ಆದಮ್ಯಾಲ ಎಣ್ಣಿ ಹಾಕಾಕ ಚಂದ ಆಗ್ತಾವ, ತಮ್ಮಾ."

"ಒಳಗ ಏನೈತಿ ಗೊತ್ತೇನ ನಿನಗ?"

"ಹಣ್ಣಿನ ರಸ ಅಂದ್ಲು ನಿನ್ನ ಹೇಣ್ತಿ. ಹಣ್ಣಿನ ರಸ ಯಾರರ ಕತ್ತಲ್ಯಾಗ ಬಚ್ಚಿಡ್ತಾರೇನ?"

ಹೆಂಡತಿ ಸ್ಮಿತಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಕಲ್ಮೇಶನಿಗೆ ನಗು ಬರಲಿಲ್ಲ. ನಾಲ್ಕು ಅಂಗಡಿಯವು, ಒಂದು ಬೆಟ್ಟದ್ದು. ಎಲ್ಲವೂ ಒಂದೇ ಆಕಾರ, ಒಂದೇ ಬಣ್ಣ. ಮರ್ಸರ್ ಐಲ್ಯಾಂಡಿನ ಅಶ್ವತ್ಥನ ಮನೆಗೆ ಫೋನ್ ಮಾಡಿದ.

"ಐದನ್ನೂ ಓಪನ್ ಮಾಡೋಣ ಕಣಯ್ಯಾ," ಎಂದ ಅಶ್ವತ್ಥ. "ನಾಲಿಗೆ ಹೇಳುತ್ತೆ. ಅಮ್ಮನಿಗೆ ಮಾತ್ರ ಏನೂ ಅನ್ನಬೇಡ."

ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ ಸಿದ್ಧವಾದವು. ಕಲ್ಮೇಶ್ ಅವಸರದಲ್ಲಿ ಬಿರಡೆ ಕಿತ್ತು ಎಸೆಯುತ್ತ ಹೋದ. ಶರಣವ್ವ ಹಿಂದೆಯೇ ಆರಿಸುತ್ತ ಹೋದರು. ಬೆಟ್ಟದ್ದು ಎರಡನೆಯದೇ ಎಂದು ಕಲ್ಮೇಶ್, ನಾಲ್ಕನೆಯದೇ ಎಂದು ಅಶ್ವತ್ಥ. ರೊಟ್ಟಿ ಆರುವವರೆಗೂ ಜಗಳ. ಮೂರನೆಯದರ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಬರೀ ಹುಳಿ, ಒಗರು. ಮೊದಲ ಗುಟುಕಿಗೇ ಅದನ್ನು ಸಿಂಕಿನ ಪಕ್ಕಕ್ಕೆ ತಳ್ಳಿದ್ದರು. ತೆರೆದಿಟ್ಟರೆ ನೊಣ ಕೂರುತ್ತವೆಂದು ಶರಣವ್ವ ಆಗಲೇ ಅದರ ಬಿರಡೆಯನ್ನು ಅದಕ್ಕೇ ತುರುಕಿದ್ದರು.

ಮರುದಿನ ಬೆಳಗ್ಗೆ ಕಲ್ಮೇಶ್ ಆ ಬಾಟಲಿಯನ್ನು ಚೆಲ್ಲಲೆಂದು ಎತ್ತಿಕೊಂಡ. ಬಿರಡೆ ಕಿತ್ತ. ಬಾಟಲಿ ಬಗ್ಗಿಸುವಷ್ಟರಲ್ಲಿ ಕಣ್ಣು ಬಿರಡೆಯ ಮೇಲೆ ಬಿತ್ತು. ಬೆಟ್ಟದ ಚಿತ್ರ, ಕೆಳಗೆ ಸ್ಪೇನಿನ ಆ ತೋಟದ ಊರಿನ ಹೆಸರು.

"ಅಶ್ವತ್ಥ, ಸಂಜೆ ಬಾ. ಏನೂ ಕೇಳಬ್ಯಾಡ, ಬಾ," ಎಂದು ಆಗಲೇ ಫೋನ್ ಮಾಡಿದ.

ಒಂದು ಹಗಲು ಗಾಳಿ ಕಂಡಿದ್ದಕ್ಕೋ ಏನೋ, ಸಂಜೆಯ ಹೊತ್ತಿಗೆ ವೈನಿನ ಒಗರು ಇಳಿದು ಹಣ್ಣಿನ ರುಚಿ ಎದ್ದಿತ್ತು. ಅಶ್ವತ್ಥ ಗ್ಲಾಸು ಕೆಳಗಿಡಲಿಲ್ಲ.

"ಯಾವನಯ್ಯಾ ಇದನ್ನ ಹುಳಿ ಅಂದಿದ್ದು?"

"ನೀ ಮೊದಲು ಅಂದಿ. ನಾ ನಿನ್ನ ಮಾತು ನಂಬಿ ಕೆಟ್ಟೆ."

ಕಲ್ಮೇಶ್ ಒಂದು ಹನಿಯನ್ನು ಅಡುಗೆಕಟ್ಟೆಯ ಕಲ್ಲಿನ ಮೇಲೆ ಬಿಟ್ಟು, ಬೆರಳಿಂದ ಎಳೆದು, ಬಗ್ಗಿ ಬಣ್ಣ ನೋಡತೊಡಗಿದ.

"ಈಗರ ಒರಸೀನಿ, ಮಂಗ್ಯಾ!" ಶರಣವ್ವ ಬಟ್ಟೆ ಹಿಡಿದು ಬಂದರು. "ಅಶ್ವತ್ಥಪ್ಪಾ, ನೀನರ ಲಗೂನ ಕುಡದು ಮುಗಸು. ಬಾಟ್ಲಿ ಬೇಕಾಗೈತಿ ನನಗ."