ಅಂಟಿಸದ ಗ್ರೀಟಿಂಗ್ಸು

ಗ್ರೀಟಿಂಗ್ಸ್ ಕಳಿಸುವವರೆಲ್ಲ ಪ್ರೀತಿಗೇ ಕಳಿಸುತ್ತಾರೆ ಎಂದು ನಂಬಿರುವವರು ಹುಡುಗಿಯರ ತರಗತಿಯಲ್ಲಿ ಕೂತು ಓದಿದವರಲ್ಲ. ನಾನು ಓದಿದ್ದೇನೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಚಾಮರಾಜನಗರದಲ್ಲಿ ಡಿ.ಎಡ್. ಓದುತ್ತಿದ್ದ ನಾವು, ಡಿಸೆಂಬರ್ ಬಂತೆಂದರೆ ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿ ಕೂತವರು ಕೂಡ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸುತ್ತಿದ್ದೆವು. ಕೈಯಲ್ಲಿ ಕೊಟ್ಟರೆ ಅದಕ್ಕೇನು ಮರ್ಯಾದೆ? ಪೋಸ್ಟ್‌ಮ್ಯಾನ್ ಮನೆ ಮುಂದೆ ನಿಂತು ಹೆಸರು ಕೂಗಬೇಕು, ಪಕ್ಕದ ಮನೆಯವರು ಕೇಳಿಸಿಕೊಳ್ಳಬೇಕು.

ಬೇಗೂರಿನ ಹುಡುಗಿಯೊಬ್ಬಳಿಗೆ ಮೊದಲ ವರ್ಷ ಒಂದೂ ಬರಲಿಲ್ಲ. ಪಾಪ, ಅವಳು ತನಗೆ ತಾನೇ ಎರಡು ಕಳಿಸಿಕೊಂಡು ತಂದು ತೋರಿಸಿದಳು. ಅಕ್ಷರ ನೋಡಿ ನಾವು ಕಂಡುಹಿಡಿದೆವು. ಪರೀಕ್ಷೆ ಮುಗಿಯುವವರೆಗೂ ಅದನ್ನೇ ಆಡಿ ಆಡಿ ಅವಳನ್ನು ಅಳಿಸಿದೆವು. ಮುಂದೆ ಮಕ್ಕಳಿಗೆ ನೀತಿಪಾಠ ಹೇಳಬೇಕಾದವರು ನಾವು.

ತರಗತಿಯಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಉಡಿಗಾಲ ಎಂದರೆ ಉಡಿಗಾಲದವಳು ಓ ಎನ್ನುತ್ತಿದ್ದಳು. ಗುಂಡ್ಲುಪೇಟೆಯಿಂದ ಬಂದ ನಾನು ‘ಪೇಟೆ’. ನನ್ನ ಬೆಂಚಿನ ಜೊತೆಗಾತಿ ಸಂತೆಮರಹಳ್ಳಿಯಿಂದ ಒಳಗಿನ ಒಂದು ಸಣ್ಣ ಊರಿನವಳು, ಅವಳು ‘ಸಂತೆ’. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಒಳ್ಳೆಯ ಹುಡುಗಿ, ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅವರ ವಂಶದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಣ್ಣು. ಟೀಚರ್ ಆಗದೆ ಸಾಯುವುದಿಲ್ಲ ಎಂದು ವಾರಕ್ಕೊಂದು ಸಲವಾದರೂ ಹೇಳುತ್ತಿದ್ದಳು.

ಅವರದು ಶಿವಪೂಜೆಯ ಮನೆ. ಕೊರಳಲ್ಲಿ ಲಿಂಗ, ಅಡಿಗೆ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ನಮ್ಮದು ಭಾನುವಾರ ಬಂತೆಂದರೆ ಕೋಳಿ ಕುಯ್ಯುವ ಮನೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಬರುತ್ತಿದ್ದುದು ಬಡಿಸುವುದೊಂದೇ. ಕರೆಂಟ್ ಬಿಲ್ ಕೊಡಲು ಬಂದವನಿಗೂ ಮುದ್ದೆ ಕಟ್ಟಿ ಇಟ್ಟು ಉಣ್ಣು ಅನ್ನುವ ಹೆಂಗಸು.

ಎರಡನೇ ವರ್ಷದ ಮಳೆಗಾಲದಲ್ಲಿ ನಾವು ಐದಾರು ಹುಡುಗಿಯರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದೆವು. ಸಂತೆಗೆ ಊರಿನ ಕೊನೆಯ ಬಸ್ಸು ತಪ್ಪಿತು, ನಮ್ಮ ಮನೆಯಲ್ಲೇ ಉಳಿದಳು. ಅಂದು ಭಾನುವಾರ. ಅವ್ವ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಸೊಪ್ಪಿನ ಸಾರು ಮಾಡಿದ್ದಳು. ಅವಳು ಅಡಿಗೆ ಮನೆಯ ಬಾಗಿಲಲ್ಲಿ ಕೂತು ಕೋಳಿ ಸಾರಿನ ಪಾತ್ರೆಯನ್ನೇ ನೋಡುತ್ತಿದ್ದಳು.

“ಒಂದ್ ಚೂರು ರುಚಿ ನೋಡ್ಲಾ ಅಮ್ಮಾ?” ಎಂದಳು.

“ಬ್ಯಾಡ ಕಣ್ ಕೂಸು. ನಿಮ್ಮೋರ್‍ಗೆ ಗೊತ್ತಾದ್ರೆ ಬಾಳಾಟ್ವಾ ಅದು?” ಎಂದಳು ಅವ್ವ.

ಸಂತೆ ಕೊರಳ ದಾರವನ್ನು ಬೆನ್ನ ಮೇಲಕ್ಕೆ ತಿರುಗಿಸಿಕೊಂಡು, “ಈಗ ಕಾಣಕ್ಕಿಲ್ಲ, ಹಾಕಿ” ಎಂದು ನಕ್ಕಳು. ಅವ್ವನೂ ನಕ್ಕುಬಿಟ್ಟಳು. ಮೊದಲು ಬರೀ ಸಾರು, ಆಮೇಲೆ ಒಂದು ತುಂಡು, ಆಮೇಲೆ ತೊಡೆ. ಮೂಳೆಯನ್ನು ಹೇಗೆ ಚೀಪಬೇಕು ಎಂದು ನಾನೇ ಹೇಳಿಕೊಟ್ಟೆ. ಒಂದು ತಿಂಗಳು ಬಿಟ್ಟು, ಯಾವ ಬಸ್ಸೂ ತಪ್ಪದೆ, ತಾನಾಗಿಯೇ ಇನ್ನೊಂದು ಭಾನುವಾರ ಬಂದಳು. ಅವ್ವನಿಗೆ ಹೆಮ್ಮೆಯೋ ಹೆಮ್ಮೆ. ನನ್ನ ಪಾಲಿನ ತೊಡೆಯೂ ಅವಳ ತಟ್ಟೆಗೇ ಹೋಯಿತು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಅವಳ ಮೇಲೆ ನನಗೆ ಅಷ್ಟು ಪ್ರೀತಿಯಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ದೀಪಾವಳಿಗೆ ಅವಳು ನನ್ನನ್ನು ತನ್ನ ಊರಿಗೆ ಕರೆದಳು. ಹೊಸ ಚೂಡಿದಾರ್ ಹಾಕಿಕೊಂಡು, ಅವ್ವ ಮಾಡಿಕೊಟ್ಟ ಕಜ್ಜಾಯದ ಡಬ್ಬಿ ಹಿಡಿದು ಹೋದೆ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಎರಡು ಮನೆ ಆಚೆಗೆ ಅವಳ ದೊಡ್ಡಪ್ಪನ ಜಗಲಿ, ಆ ಊರಿನ ಅಂಚೆ ಕಚೇರಿಯೂ ಅದೇ, ಪೋಸ್ಟ್ ಮಾಸ್ತರೂ ಅವರೇ. ದೊಡ್ಡಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಯಾರದೋ ಕಾರ್ಡನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದರು, ಸುತ್ತ ನಾಲ್ಕು ಜನ ಕೂತು ಕೇಳುತ್ತಿದ್ದರು.

“ನಮ್ ದೊಡ್ಡಪ್ಪ ಪದ ಎಣಿಸ್ತದೆ ಕಣಮ್ಮಿ” ಎಂದು ಸಂತೆ ನಕ್ಕಳು.

ಎಣಿಸುವುದಕ್ಕೆ ಕಾರಣವಿತ್ತು. ಲಕೋಟೆಯ ಬಾಯಿ ಅಂಟಿಸದೆ, ಮಡಿಸಿ ಒಳಕ್ಕೆ ಸಿಕ್ಕಿಸಿ ಕಳಿಸಿದರೆ ಸ್ಟಾಂಪಿನ ಖರ್ಚು ಕಡಿಮೆ. ಬುಕ್ ಪೋಸ್ಟ್ ಎನ್ನುತ್ತಿದ್ದೆವು. ಆದರೆ ಅಚ್ಚಾದ ಶುಭಾಶಯದ ಕೆಳಗೆ ಕೈಯಲ್ಲಿ ಬರೆಯುವುದು ಐದು ಪದ ದಾಟಬಾರದು. ದಾಟಿದರೆ ಅದು ಕಾಗದದ ಲೆಕ್ಕಕ್ಕೆ ಹೋಗುತ್ತದೆ, ಕಾರ್ಡು ತೆಗೆದುಕೊಳ್ಳುವವರು ದಂಡ ತೆರಬೇಕು. ಎಲ್ಲ ಕಡೆ ಇದನ್ನು ಯಾರೂ ನೋಡುತ್ತಿರಲಿಲ್ಲ. ಇವರು ಮಾತ್ರ ನೋಡುತ್ತಿದ್ದರು, ಅದೂ ನಾಲ್ಕು ಜನಕ್ಕೆ ಕೇಳುವ ಹಾಗೆ.

ಊಟಕ್ಕೆ ನನಗೆ ಎಲೆ ಹಾಕಿದರು, ಮನೆಯವರಿಗೆಲ್ಲ ತಟ್ಟೆ. ಎಲೆ ಹಾಕಿದ್ದು ಮರ್ಯಾದೆಗೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು. ಒಬ್ಬಟ್ಟು ತಿಂದು ಕೈ ಒಣಗಿಸಿಕೊಂಡು ಕೂತಿದ್ದಾಗ ಅವಳ ತಾಯಿ ಒಳಗಿನಿಂದಲೇ ಕೂಗಿದರು: “ಆ ಮಗಿಗೆ ಎಲೆ ಎತ್ಕೊಂಡು ಓಗಿ ತಿಪ್ಪೆಗೆ ಎಸೀಲಿ ಅನ್ನವ್ವ. ಲೋಟಾನೂ ಆಚೆನೇ ತೊಳೆದು ಇಡ್ಲಿ.”

ಉಂಡ ನೆಂಟರ ಕೈಲಿ ಎಂಜಲೆಲೆ ಎತ್ತಿಸುವುದೆಂದರೆ ಏನು ಎಂದು ನಮ್ಮ ಸೀಮೆಯ ಮೂರು ವರ್ಷದ ಮಗುವಿಗೂ ಗೊತ್ತು. ನಾನು ಸಂತೆಯ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು. ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅವಳ ತಾಯಿ, “ನೀನೇನಾರ ಅವ್ರ ಮನೇಲಿ ಉಂಡಿದ್ದೀಯಾ?” ಎಂದು ಕೇಳಿದರು. ಅವಳು ನನಗೆ ಕೇಳುವ ಹಾಗೆಯೇ ಹೇಳಿದಳು:

“ಥೂ, ಇಲ್ಲ ಕಣವ್ವ. ನೀರೂ ಮುಟ್ಟಿಲ್ಲ ನಾನು.”

ಆ ‘ಥೂ’ ಇಲ್ಲದಿದ್ದರೂ ಅವಳ ಸುಳ್ಳು ನಡೆಯುತ್ತಿತ್ತು. ನಾನು ಎಲೆ ಎತ್ತಿ ತಿಪ್ಪೆಗೆ ಎಸೆದು, ಲೋಟ ತೊಳೆದು ಬೋರಲು ಹಾಕಿ ಬಸ್ಸು ಹತ್ತಿದೆ. ಅವ್ವ ಕೊಟ್ಟ ಕಜ್ಜಾಯದ ಡಬ್ಬಿ ಅವರ ಜಗಲಿಯ ಮೂಲೆಯಲ್ಲಿ ಮುಚ್ಚಳ ತೆಗೆಯದೆ ಕೂತಿತ್ತು.

ಕಾಲೇಜಿನಲ್ಲಿ ನಾನು ಏನೂ ತೋರಿಸಿಕೊಳ್ಳಲಿಲ್ಲ. ಪಕ್ಕದಲ್ಲೇ ಕೂತೆ, ಅವಳ ನೋಟ್ಸು ನೋಡಿ ಬರೆದುಕೊಂಡೆ, ಅವಳು ತಂದ ಚಿತ್ರಾನ್ನ ತಿಂದೆ. ಅವಳು ಎಲ್ಲ ಮರೆತಳು. ಡಿಸೆಂಬರ್ ಬಂದಾಗ ನಾನು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಎರಡು ಗುಲಾಬಿಯ ಮೇಲೆ ಮಿಂಚಿನ ಪುಡಿ ಉದುರಿಸಿದ್ದ ಒಳ್ಳೆಯ ಕಾರ್ಡನ್ನೇ ಆರಿಸಿದೆ. ಹೊಸ ವರ್ಷದ ಶುಭಾಶಯಗಳು ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಅತಿ ದುಂಡನೆಯ ಅಕ್ಷರದಲ್ಲಿ, ಮುದುಕರಿಗೂ ಓದಲು ಕಷ್ಟವಾಗದ ಹಾಗೆ ಬಿಡಿಸಿ ಬರೆದೆ: ‘ಸಂಕ್ರಾಂತಿ ರಜಕ್ಕೆ ನಮ್ಮ ಮನೆಗೆ ಬಾ. ನಿನಗೆ ಇಷ್ಟ ಎಂದು ಅವ್ವ ಈ ಸಲವೂ ಕೋಳಿ ತೊಡೆ ಎತ್ತಿಟ್ಟಿರುತ್ತಾಳೆ.’

ಐದು ಪದ ಎಲ್ಲಿಯೋ ಹಿಂದೆ ಉಳಿದಿತ್ತು. ಲಕೋಟೆಯ ಬಾಯಿ ಮಡಿಸಿ ಒಳಕ್ಕೆ ಸಿಕ್ಕಿಸಿದೆ. ಅಂಚೆ ಡಬ್ಬಿಗೆ ಹಾಕಿದೆ. ಏನಾಗುತ್ತದೆಂದು ಗೊತ್ತಿರಲಿಲ್ಲ ಎಂದು ಆಮೇಲೆ ಬಹಳ ಜನರ ಹತ್ತಿರ ಹೇಳಿದ್ದೇನೆ. ಗೊತ್ತಿತ್ತು. ಆ ದೊಡ್ಡಪ್ಪ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುವುದನ್ನೂ, ಬೆರಳು ‘ಕೋಳಿ’ಯ ಹತ್ತಿರ ಬಂದು ನಿಲ್ಲುವುದನ್ನೂ ಮನಸ್ಸಿನಲ್ಲಿ ನೋಡಿಕೊಂಡು ಎರಡು ದಿನ ಹಬ್ಬ ಮಾಡಿದೆ.

ಜನವರಿಯ ಮೊದಲ ವಾರ ಸಂತೆ ಕಾಲೇಜಿಗೆ ಬಂದಳು, ಎರಡನೇ ವಾರ ಬರಲಿಲ್ಲ. ಬೆಂಚಿನಲ್ಲಿ ನಾನೊಬ್ಬಳೇ ಕಾಲು ಚಾಚಿ ಕೂತೆ. ಅವಳಿಗೆ ಜ್ವರವಂತೆ ಎಂದರು ಯಾರೋ. ನಾನೂ ಅಯ್ಯೋ ಪಾಪ ಎಂದೆ.

ಆ ಶನಿವಾರ ನಾನು ಹಾಸ್ಟೆಲಿನಿಂದ ಊರಿಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಸಂತೆ, ಅವಳ ಅಪ್ಪ, ದೊಡ್ಡಪ್ಪ, ಒಬ್ಬ ಸೋದರತ್ತೆ ಇಳಿದರು. ನಮ್ಮ ಅಪ್ಪ ಡ್ಯೂಟಿಗೆ ಹೋಗಿದ್ದರು. ಅವ್ವ ಸಂತೆಯನ್ನು ಕಂಡದ್ದೇ ತಡ, “ಬಾ ಕೂಸು, ಎಷ್ಟ್ ದಿನ ಆಯ್ತು” ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಸಂತೆ ತಲೆ ಎತ್ತಲಿಲ್ಲ. ಎಡಗೆನ್ನೆ ಊದಿಕೊಂಡಿತ್ತು.

ಅವರು ಹೊಸಲು ದಾಟಲಿಲ್ಲ, ಬೀದಿಯಲ್ಲೇ ನಿಂತರು. ದೊಡ್ಡಪ್ಪ ಜೇಬಿನಿಂದ ನನ್ನ ಕಾರ್ಡು ತೆಗೆದು, ಬೀದಿಗೆಲ್ಲ ಕೇಳುವ ಹಾಗೆ ಓದಿದರು. ಮಿಂಚಿನ ಪುಡಿ ಅವರ ಹೆಬ್ಬೆರಳಿಗೆ ಮೆತ್ತಿಕೊಂಡಿತ್ತು. ಅವ್ವನಿಗೆ ಅಂಥದ್ದೊಂದು ಕಾರ್ಡು ಹೋಗಿದೆ ಎಂಬುದೇ ಆಗ ಗೊತ್ತಾದದ್ದು.

“ನಮ್ ಹೆಣ್ಣು ಗೊತ್ತಿಲ್ದೆ ತಿಂದ್ಬುಟ್ಟೆ ಅಂತದೆ” ಎಂದರು ಅವಳ ಅಪ್ಪ. ಅವರು ಕೂಗಲಿಲ್ಲ. “ಸೊಪ್ಪಿನ ಸಾರು ಅಂತ ಹೇಳಿ ನೀವೇ ಹಾಕಿದ್ರಂತೆ. ನಿಜವಾದ್ರೆ ಗುರುಗಳ ತಾವ ಓಗಿ ತೀರ್ಥ ತಗಂಡು ತಪ್ಪು ಕಾಣಿಕೆ ಕಟ್ತೀವಿ, ಓದು ಮುಗಿಸ್ಲಿ. ಬೇಕಂತ್ಲೇ ತಿಂದಿದ್ರೆ ನಾಳೆಯಿಂದ ಕಾಲೇಜಿಲ್ಲ. ನಮ್ಮಕ್ಕನ ಮಗ ಅವ್ನೆ, ಬರೋ ಲಗ್ನದಲ್ಲೇ ಕಟ್ಟಿ ಕಳಿಸ್ತೀನಿ. ನೀವು ಹೇಳ್ಬೇಕು ಈಗ.”

ನನ್ನ ನಾಲಗೆಯ ತುದಿಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ದಾರ ಬೆನ್ನಿಗೆ ತಿರುಗಿಸಿಕೊಂಡದ್ದು, ಎರಡನೇ ಸಲ ತಾನಾಗಿ ಬಂದದ್ದು, ಮೂಳೆ ಚೀಪಿದ್ದು. ನಮ್ಮ ಅವ್ವನ ಮೇಲೆ ಸುಳ್ಳು ಹೊರಿಸಿದಳಲ್ಲ ಎಂದು ಮೈ ಉರಿಯಿತು. ಬಾಯಿ ತೆರೆದೆ.

ಅವ್ವ ನನಗಿಂತ ಮೊದಲೇ ಮಾತಾಡಿದಳು. “ಹೂಂ ಕಣಪ್ಪ. ನಾನೇ ಹಾಕ್ಬುಟ್ಟೆ. ಮಗೀಗೆ ಗೊತ್ತಿಲ್ಲ.”

ಸೋದರತ್ತೆ ನೆಲಕ್ಕೆ ಉಗಿದು, ನಾನು ಬರೆಯಲಾರದ ಮಾತಿನಲ್ಲಿ ಅವ್ವನನ್ನು ಬೈದಳು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ನಮ್ಮ ಅವ್ವ ಬಡಿಸಿದ ಅನ್ನ ಉಣ್ಣದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರೂ ತುಟಿ ಬಿಚ್ಚಲಿಲ್ಲ.

ದೊಡ್ಡಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. ಪದ ಎಣಿಸಿದ ಮನುಷ್ಯ. “ನಿನಗೆ ಇಷ್ಟ ಎಂದು, ಅಂತ ಬರ್ದದಲ್ಲ ಇಲ್ಲಿ? ಗೊತ್ತಿಲ್ದೆ ತಿಂದೋಳಿಗೆ ಇಷ್ಟ ಆಗೋದೆಂಗೆ?” ಎಂದರು.

ಸಂತೆ ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಬೇಡಿಕೊಳ್ಳುತ್ತಿದ್ದಳು. ನನಗೆ ಅದು ಚೆನ್ನಾಗಿತ್ತು, ಇನ್ನೊಂದು ಸ್ವಲ್ಪ ಹೊತ್ತು ಹಾಗೇ ನೋಡಲಿ ಎಂದು ಸುಮ್ಮನೆ ನಿಂತೆ.

ಅವ್ವ ಬಂದು ನನ್ನ ಜಡೆ ಹಿಡಿದು ಎಳೆದು ಬೀದಿಯ ಮಧ್ಯಕ್ಕೆ ನಿಲ್ಲಿಸಿದಳು. ಅಲ್ಲಿಯವರೆಗೆ ಅವಳು ನನ್ನ ಮೇಲೆ ಕೈ ಮಾಡಿದವಳಲ್ಲ. ಕೆನ್ನೆಗೆ ಹೊಡೆದ ಏಟಿಗೆ ಕಿವಿ ಗುಂಯ್ ಎಂದಿತು.

“ಹೊಟ್ಟೆಕಿಚ್ಚಿಗೆ ಬರ್ದವ್ಳೆ ಸಾಮಿ. ಅವ್ಳು ಚೆಂದಾಗಿ ಓದ್ತಾಳೆ, ಇವ್ಳು ಓದಲ್ಲ. ಅದ್ಕೇ ಸುಳ್ಳು ಬರ್ದವ್ಳೆ.” ನನ್ನ ಕಡೆ ತಿರುಗಿ, “ಹೇಳಮ್ಮಿ, ಸುಳ್ಳು ಬರ್ದೆ ಅಂತ ಹೇಳು” ಎಂದಳು.

ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದೊಂದೇ ನನ್ನ ಬಲವಾಗಿತ್ತು. ಅವ್ವ ಮತ್ತೆ ಕೈ ಎತ್ತಿದಳು.

“ಸುಳ್ಳು ಬರೆದೆ” ಎಂದೆ.

ಆಮೇಲೆ ಅವ್ವ ಬೀದಿಯ ಮಣ್ಣಿನಲ್ಲಿ ಮಂಡಿಯೂರಿ ಆ ಮೂವರಿಗೂ ಅಡ್ಡ ಬಿದ್ದಳು. ಸೋದರತ್ತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಸಂತೆಯನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಹತ್ತು ದಿನಕ್ಕೆ ಅವಳು ಕಾಲೇಜಿಗೆ ಬಂದಳು, ಬೇರೆ ಬೆಂಚಿನಲ್ಲಿ ಕೂತಳು. ನಾನು ಪಾಸಾದೆ, ಅವಳು ಕಾಲೇಜಿಗೇ ಮೊದಲು ಬಂದಳು. ಇಬ್ಬರೂ ಟೀಚರಾದೆವು. ಅವಳು ನನ್ನೊಡನೆ ಮತ್ತೆಂದೂ ಮಾತಾಡಲಿಲ್ಲ, ನನಗೆ ಅದರಿಂದ ಅಂಥ ನಷ್ಟವೇನೂ ಆಗಲಿಲ್ಲ.

ನಷ್ಟವಾದದ್ದು ಮನೆಯಲ್ಲಿ. ಆ ಭಾನುವಾರವೇ ನಾನು ಅವ್ವನ ಮೇಲೆ ಕೂಗಾಡಿದ್ದೆ. ಅವಳೇ ಕೇಳಿ ತಿಂದದ್ದು, ನೀನ್ಯಾಕೆ ಅವರ ಕಾಲಿಗೆ ಬೀಳಬೇಕಿತ್ತು, ನನ್ನ ಎಲೆ ಎತ್ತಿಸಿದವರು ಅವರು ಎಂದೆಲ್ಲ ಹೇಳಿದೆ. ಅವ್ವ ಸೀರೆಯ ಮಣ್ಣು ಒದರಿಕೊಳ್ಳುತ್ತಿದ್ದಳು.

“ಅವ್ರು ಎಂಜಲೆಲೆ ಎತ್ತಿಸಿದ್ರು, ಅದು ಅವ್ರ ಗುಣ. ನಮ್ಮನೇಲಿ ಉಂಡಿದ್ದನ್ನ ಬೀದೀಲಿ ಕಕ್ಕಿಸ್ದೋಳು ನೀನು” ಎಂದಳು. “ಇನ್ ಮ್ಯಾಕೆ ನಿನ್ ಜೊತೆಗಾತೀರ್‍ನ ಈ ಮನೆಗೆ ಕರ್ಕೊಂಡ್ ಬರ್ಬ್ಯಾಡ.”

ಸಿಟ್ಟಿನ ಮಾತು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ನನ್ನ ಮೇಲಿನ ಸಿಟ್ಟು ಇಳಿಯಿತು ಕೂಡ. ಹಬ್ಬಕ್ಕೆ ಸೀರೆ ತಂದುಕೊಟ್ಟಳು, ಜ್ವರ ಬಂದರೆ ತಲೆಗೆ ತಣ್ಣೀರು ಬಟ್ಟೆ ಹಾಕಿದಳು. ಕೆಲಸ ಸಿಕ್ಕ ಎರಡನೇ ವರ್ಷ, ನನ್ನ ಶಾಲೆಯ ಹೊಸ ಟೀಚರೊಬ್ಬಳು ಒಂದು ಭಾನುವಾರ ಮಧ್ಯಾಹ್ನ ಯಾವುದೋ ರಿಜಿಸ್ಟರ್ ಕೊಡಲು ನಮ್ಮ ಮನೆ ಹುಡುಕಿಕೊಂಡು ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು, ಹಸಿದಿದ್ದಳು, ಮುಖ ನೋಡಿದರೆ ತಿಳಿಯುತ್ತಿತ್ತು. ಕೂರು, ಉಂಡು ಹೋಗು ಎಂದೆ. ಒಲೆಯ ಮೇಲೆ ಕುದಿಯುತ್ತಿದ್ದ ಕೋಳಿ ಸಾರಿನ ವಾಸನೆ ಇಡೀ ಮನೆ ತುಂಬಿತ್ತು. ಅವ್ವ ಅಡಿಗೆ ಮನೆಯಿಂದ ಹೊರಗೆ ಬಂದು, ಒಮ್ಮೆ ನನ್ನನ್ನು ನೋಡಿ, ಒಮ್ಮೆ ಆ ಹುಡುಗಿಯನ್ನು ನೋಡಿ, “ಅಡಿಗೆ ಇನ್ನೂ ಆಗಿಲ್ಲ ಕಣ್ ತಾಯಿ. ಬಸ್ ತಪ್ಪೋಯ್ತದೆ, ಒಂಟೋಗು” ಎಂದಳು.