ಮಗನ ರಕ್ತದ ವರದಿ

ಇದನ್ನು ಹೇಳುವುದನ್ನು ಎಂಟು ವರ್ಷ ಮುಂದೂಡಿದೆ. ಮೊದಲು ಮಗಳ ಮದುವೆಯಾಗಲಿ ಎಂದುಕೊಂಡೆ. ಆಮೇಲೆ ಅವಳ ಬಾಣಂತನ ಮುಗಿಯಲಿ ಎಂದೆ. ಹೆಂಡತಿ ತೀರಿಕೊಂಡ ಮೇಲೆ ನೆಪಗಳು ಮುಗಿದವು, ಆದರೂ ಹೇಳಲು ಬಾಯಿ ಬರಲಿಲ್ಲ.

ನಾನು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಹತ್ತನೆಯ ತರಗತಿ ಪಾಸಾಗಿದ್ದರಿಂದ ಮನೆಯ ಕಾಗದಪತ್ರಗಳೆಲ್ಲ ನನ್ನ ಕೈಯಲ್ಲೇ. ದೇವದುರ್ಗದಲ್ಲಿದ್ದ ತಂಗಿಗೆ ಹೆಣ್ಣು ಹುಟ್ಟಿದಾಗ ತೊಟ್ಟಿಲಿನಲ್ಲಿ ಕುಪ್ಪಸದ ಬಟ್ಟೆ ಇಟ್ಟು, 'ಇಕಿ ನಮ್ಮ ಮನಿಯಾಕಿ' ಎಂದು ಹೇಳಿ ಬಂದಿದ್ದೆ. ನಮ್ಮಲ್ಲಿ ಹಾಗೆಯೇ ನಡೆದುಬಂದದ್ದು. ಇಪ್ಪತ್ತು ವರ್ಷದ ನಂತರ ಅವಳನ್ನೇ ಮಗನಿಗೆ ತಂದುಕೊಂಡೆ.

ಮೊಮ್ಮಗಳು ಎಂಟು ತಿಂಗಳಿಗೇ ಬಿಳಿಚಿಕೊಂಡಳು. ರಾಯಚೂರಿನ ಆಸ್ಪತ್ರೆಯಲ್ಲಿ ತಲಸೇಮಿಯಾ ಎಂದರು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ರೋಗ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು. ತಂದೆ ತಾಯಿಯ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಮಗ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸದವನು, ರಜೆ ಸಿಗಲಿಲ್ಲ. ವರದಿ ತರಲು ನಾನು ಹೋದೆ.

ಡಾಕ್ಟರಮ್ಮ ಎರಡು ಹಾಳೆ ಮುಂದಿಟ್ಟರು. "ನೋಡ್ರಿ ಯಜಮಾನ್ರ, ಗಂಡ ಹೆಂಡ್ತಿ ಇಬ್ಬರ ರಕ್ತದಾಗೂ ಅರ್ಧ ದೋಷ ಅದ. ಅದರಿಂದ ಅವರಿಗೇನೂ ತ್ರಾಸಿಲ್ಲ. ಎರಡೂ ಅರ್ಧ ಕೂಡಿ ಕೂಸಿಗೆ ರೋಗ ಆಗ್ಯದ. ನಿಮ್ಮ ಮನಿತನದಾಗೇ ಇಳಕೊಂಡು ಬಂದಿರಬೇಕು. ಯಾರ ತಪ್ಪೂ ಅಲ್ಲ."

ಮತ್ತೆ ಬಸಿರಾದರೆ ಮೊದಲ ತಿಂಗಳುಗಳಲ್ಲೇ ಗರ್ಭದ ಪರೀಕ್ಷೆ ಮಾಡಿ ನೋಡಬಹುದು, ನಾಲ್ಕರಲ್ಲಿ ಮೂರು ಪಾಲು ಈ ರೋಗವಿರುವುದಿಲ್ಲ ಎಂದೂ ಬಿಡಿಸಿ ಹೇಳಿದರು. "ನಿಮ್ಮ ಮಗಳಿಗೂ ಮದಿವಿ ಮೊದಲ ಪರೀಕ್ಷಾ ಮಾಡಸ್ರಿ."

ಅದೇ ವಾರ ಹಿರೇಕೊಟ್ನೆಕಲ್ಲಿನವರು ಮಗಳನ್ನು ನೋಡಲು ಬರುವವರಿದ್ದರು. ದೋಷ ನಮ್ಮ ರಕ್ತದಲ್ಲೇ ಇದೆ ಎಂದು ಗೊತ್ತಾದರೆ ಹೊಸ್ತಿಲು ತುಳಿಯುತ್ತಿರಲಿಲ್ಲ. ಬಸ್ ನಿಲ್ದಾಣದ ಚಹದಂಗಡಿಯ ಹಿಂದೆ ನಿಂತು ಮಗನ ಹಾಳೆಯನ್ನು ಹರಿದು ಚರಂಡಿಗೆ ಹಾಕಿದೆ. ಸೊಸೆಯದನ್ನು ಮಾತ್ರ ಮನೆಗೆ ತಂದೆ, ಅದು ಅವಳ ತಂದೆಯ ಕಡೆಯಿಂದ ಬಂದದ್ದೆಂದು ಹೇಳಿಬಿಡಬಹುದಿತ್ತು.

"ಮಾವ, ಇವರದು ಏನಂತರೀ?" ಎಂದಳು ಅವಳು.

"ಅವಂದು ಛಲೋ ಬಂದದವ್ವಾ."

ಅಷ್ಟೇ ಹೇಳಿದ್ದು. ಉಳಿದದ್ದನ್ನು ಮನೆ ತಾನೇ ಪೂರೈಸಿತು. ಅವಳಿಗೆ ಕೇಳಿಸುವಂತೆ ನನ್ನ ಹೆಂಡತಿ ಎನ್ನುತ್ತಿದ್ದಳು, "ತಂಗಿ ಮಗಳು, ತಂಗಿ ಮಗಳು ಅಂತ ತೊಟ್ಟಿಲದಾಗೇ ಗುರುತು ಮಾಡಿ ಬಂದ್ರಿ. ಈಗ ರಕ್ತದ ಬಾಟ್ಲಿ ಹೊತಗೊಂಡು ತಿರುಗ್ರಿ!" ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಆ ಡಾಕ್ಟರಮ್ಮನ ಬಾಯಿಂದ ನಿಜ ಹೊರಬೀಳಬಾರದೆಂದು ಆಸ್ಪತ್ರೆಯನ್ನೂ ಬದಲಿಸಿದೆ. ಹೊಸಬರು ರಕ್ತ ಹಾಕಿ ಕಳಿಸುತ್ತಿದ್ದರು, ಹಳೆಯದನ್ನು ಕೇಳಲಿಲ್ಲ. ಮಗಳ ಮದುವೆ ಪರೀಕ್ಷೆಯಿಲ್ಲದೆಯೇ ಆಯಿತು.

ಎರಡು ವರ್ಷದ ಮೇಲೆ ಸೊಸೆ ಮತ್ತೆ ಬಸಿರಾದಳು. ತಾಯಿಯನ್ನು ನೋಡಿ ಬರುತ್ತೇನೆಂದು ದೇವದುರ್ಗಕ್ಕೆ ಹೊರಟಾಗ ಬಸ್ಸಿಗೆ ಬಿಡಲು ಹೋದವನು ನಾನು. ಕಿಟಕಿಯಿಂದ ಬಾಗಿ, ಸಣ್ಣ ದನಿಯಲ್ಲಿ ಹೇಳಿದಳು, "ಮಾವ, ಇದನ್ನ ತೆಗಿಸಿಕೊಂಡು ಬರ್ತೀನ್ರಿ. ನನ್ನ ರಕ್ತ ಇನ್ನೊಂದು ಕೂಸಿಗೆ ಬ್ಯಾಡ."

ಡ್ರೈವರ್ ಇನ್ನೂ ಚಹ ಕುಡಿಯುತ್ತಿದ್ದ. ಹೇಳಲು ಬೇಕಾದಷ್ಟು ಹೊತ್ತಿತ್ತು. ಪರೀಕ್ಷೆ ಇದೆ, ಮಗು ಚೆನ್ನಾಗಿರಬಹುದು, ನಿನ್ನೊಬ್ಬಳ ರಕ್ತದಿಂದ ಏನೂ ಆಗುವುದಿಲ್ಲ. ನಾನು "ಹುಷಾರವ್ವಾ" ಎಂದು ಕಿಟಕಿಯೊಳಗೆ ಚೀಲ ಕೊಟ್ಟೆ.

ಈ ವರ್ಷ ರಾಯಚೂರಿಗೆ ಬಂದ ದೊಡ್ಡ ಡಾಕ್ಟರೊಬ್ಬರು ಮನೆಯವರೆಲ್ಲರ ರಕ್ತವನ್ನೂ ಹೊಸದಾಗಿ ನೋಡಿದರು. ಹೊರದೇಶಗಳಲ್ಲಿ ರೋಗಿಯ ಅಸ್ಥಿಮಜ್ಜೆಯ ಜೀವಕೋಶಗಳನ್ನೇ ತೆಗೆದು, ಅವುಗಳೊಳಗಿನ ವಂಶವಾಹಿಯನ್ನು ತಿದ್ದಿ ಮತ್ತೆ ಮೈಗೆ ಸೇರಿಸುತ್ತಾರಂತೆ. ಅದು ನಮ್ಮಂಥವರ ಕೈಗೆಟುಕುವಂಥದ್ದಲ್ಲ. ನಮಗಿರುವ ದಾರಿ ಒಡಹುಟ್ಟಿದವರ ಮಜ್ಜೆ. "ಕೂಸಿಗೆ ತಮ್ಮ ತಂಗಿ ಯಾರರ ಅದಾರೇನ್ರಿ? ತಂದಿ ತಾಯಿ ಇಬ್ಬರದೂ ಅರ್ಧ ದೋಷ ಅದ, ಆದರ..."

"ಇಬ್ಬರದೂ?" ಎಂದಳು ಸೊಸೆ. ಗಂಡನತ್ತ ತಿರುಗಲಿಲ್ಲ. ನನ್ನನ್ನೇ ನೋಡಿದಳು.

ಇನ್ನೊಂದು ಮಗುವನ್ನು ಹೆತ್ತು, ಹೊಂದಿದರೆ ಅದರ ಮಜ್ಜೆ ಕೊಡಿಸಬಹುದೆಂದು ಡಾಕ್ಟರು ಮುಂದುವರಿಸಿದರು. ಅವಳು ಕೇಳಿದಳು, "ಹೊಂದಲಿಲ್ಲಂದ್ರ ಆ ಕೂಸಿಗೆ ಏನಂತ ಹೇಳೋದ್ರಿ? ನೀ ಯಾತಕ್ಕೂ ಬರಲಿಲ್ಲ ಅಂತನಾ?" ಆ ಪ್ರಶ್ನೆ ಅವಳಿಗೆ ಬರುವಂತೆ ಮಾಡಿದವನು ನಾನು. ದೇವದುರ್ಗಕ್ಕೆ ಹೋಗಿ ಅವಳು ತೆಗೆಸಿಕೊಂಡು ಬಂದ ಆ ಮಗು ಯಾರ ಮದ್ದಿಗೆಂದೂ ಬಂದದ್ದಲ್ಲ, ಸುಮ್ಮನೆ ಬಂದಿತ್ತು.

ಮಗನಿಗೆ ಕೈಮುಗಿದೆ, ಅವನು ಗೋಡೆಯತ್ತ ತಿರುಗಿ ನಿಂತ. ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿ ಪರೀಕ್ಷೆ ಮಾಡಿಸಿಕೊ ಎಂದು ಅಂಗಲಾಚಿದೆ. ಸೊಸೆ ಈಗ ನನ್ನನ್ನು ಮಾವ ಎನ್ನುವುದಿಲ್ಲ. ತಾಟು ಇಟ್ಟು, "ಉಣ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ. ಎಷ್ಟೋ ಸಲ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಎಲ್ಲರೆದುರು ತಪ್ಪು ಒಪ್ಪಿಕೊಂಡೆ. ಕ್ಷಮೆ ಕೇಳದೆ ಉಳಿದಿರುವುದು ಅವಳೊಬ್ಬಳನ್ನೇ, ನನ್ನ ತಂಗಿಯ ಮಗಳನ್ನು.