ಆಲ್ಸಿಯ ಎಡಗಣ್ಣು

ವರ್ನಾ ಸ್ಟಿಡಮ್ ದಿನಕ್ಕೆ ಸಾವಿರಗಟ್ಟಲೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದಳು. ಹೋಲ್ಡನ್ ಗ್ಯಾಪಿನ ಕೋಳಿ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು. ಪಂಜರದೊಳಗೆ ಕೈ ಹಾಕಿ ಕಾಲು ಹಿಡಿದು ಎಳೆಯಬೇಕು, ತಲೆಯ ಮೇಲೆ ಸಾಗುವ ಕೊಂಡಿಗೆ ಸಿಕ್ಕಿಸಬೇಕು, ಅಷ್ಟರಲ್ಲಿ ಮುಂದಿನದು ಕೈಗೆ ಬಂದಿರಬೇಕು. ಕೋಳಿಗಳು ರೆಕ್ಕೆಯಿಂದ ಮುಖಕ್ಕೆ ಬಡಿಯುತ್ತಿದ್ದವು, ಉಗುರಿನಿಂದ ಮುಂಗೈ ಸೀಳುತ್ತಿದ್ದವು. ಹತ್ತು ಹೆಜ್ಜೆ ಆಚೆ ಕತ್ತಿ ತಿರುಗುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೆ ನಿಂತವಳ ಬಾಯಲ್ಲಿ ಕೋಳಿಯ ಮಾತು ಮಾತ್ರ ಒಂದು ದಿನವೂ ಬಂದಿದ್ದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸರಿಗೆ ಅವಳು ಹೇಳುತ್ತಿದ್ದದ್ದೆಲ್ಲ ಹುಡುಗರ ಸುದ್ದಿ.

"ನಮ್ಮ ಉದ್ದ ಹುಡುಗ ನಿನ್ನೆ ಮತ್ತೆ ಎರಡು ಹೊಡೆದ ಕಣ್ರೇ. ಆಗಸ್ಟಿನೊಳಗೆ ಅವನನ್ನ ಮೇಲಕ್ಕೆ ಕರೀದೇ ಇದ್ರೆ ನನ್ನ ಹೆಸರು ವರ್ನಾ ಅಲ್ಲ."

ದೂರದ ನಗರದಲ್ಲಿ ಒಂದು ದೊಡ್ಡ ಬೇಸ್‌ಬಾಲ್ ತಂಡವಿತ್ತು. ಅದು ತನ್ನ ಹುಡುಗರನ್ನು ಪಳಗಲೆಂದು ನಾಲ್ಕು ಸಣ್ಣ ಊರುಗಳಿಗೆ ಹಂಚಿ ಬಿಡುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಹೋಲ್ಡನ್ ಗ್ಯಾಪ್. ದೊಡ್ಡ ತಂಡದ ಆಟವನ್ನು ವರ್ನಾ ಕಣ್ಣಾರೆ ಕಂಡವಳಲ್ಲ. ಅದು ಗೆದ್ದರೂ ಸೋತರೂ ಅವಳಿಗೆ ಊಟ ಸೇರುತ್ತಿತ್ತು. ಕೆಳಗಿನ ಹುಡುಗರಲ್ಲಿ ಒಬ್ಬನ ಮೊಣಕೈ ಊದಿಕೊಂಡಿದೆ ಎಂದು ರೇಡಿಯೋದವನು ಹೇಳಿದರೆ ಸೇರುತ್ತಿರಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಕ್ಷರ ಕಷ್ಟ, ಆಟದ ಅಂಕಿ ಸಲೀಸು. ವಾರಕ್ಕೊಮ್ಮೆ ಬರುವ ಪತ್ರಿಕೆಯನ್ನು ಬೆರಳಿಟ್ಟು ಓದಿ, ಯಾರ ಕೈ ಬೀಳುತ್ತಿದೆ, ಯಾರದು ಏಳುತ್ತಿದೆ ಎಂದು ಗುರುತಿಸುತ್ತಿದ್ದಳು. ಹೆಚ್ಚಿನ ಸಲ ಅವಳು ಹೇಳಿದಂತೆಯೇ ಆಗುತ್ತಿತ್ತು.

ಬೇಸಿಗೆಯಲ್ಲಿ ಒಬ್ಬ ಆಟಗಾರನನ್ನು ಮನೆಯಲ್ಲೇ ಇಟ್ಟುಕೊಂಡು ಊಟ ಹಾಕುವುದು ಆ ಊರಿನಲ್ಲಿ ರೂಢಿ. ವರ್ನಾಳ ಹಿಂದಿನ ಕೋಣೆಯಲ್ಲಿ ಹನ್ನೊಂದು ಹುಡುಗರು ಮಲಗಿ ಎದ್ದು ಹೋಗಿದ್ದರು. ಮೇಲೆ ಹೋದವನು ಒಬ್ಬನೇ. ಉಳಿದವರನ್ನು ತಂಡದವರು ಒಂದು ಬೆಳಿಗ್ಗೆ ಕರೆದು, ಬಸ್ಸಿನ ಟಿಕೆಟ್ಟು ಕೊಟ್ಟು ಕಳಿಸಿದ್ದರು. ಅಂಥವನೊಬ್ಬ ಬಚ್ಚಲುಮನೆಯ ಕನ್ನಡಿಗೆ ಹಣೆ ಚಚ್ಚಿಕೊಂಡ. ಇನ್ನೊಬ್ಬ ಹಿತ್ತಲಿನ ಗೋಡೆಗೆ ಗುದ್ದಿ ಗುದ್ದಿ ಚೆಂಡು ಎಸೆಯುವ ಕೈಯ ಬೆರಳುಗಳನ್ನೇ ಮುರಿದುಕೊಂಡ. ಹಣೆಯಿಂದ ಗಾಜಿನ ಚೂರು ತೆಗೆದವಳೂ, ಬೆರಳಿಗೆ ಪಟ್ಟಿ ಕಟ್ಟಿದವಳೂ ವರ್ನಾ.

ಹೋದ ವರ್ಷ ಇದ್ದವನು ಆಲ್ಸಿ ತಿಬೋ. ಲೂಸಿಯಾನಾದ ಜೌಗುನೆಲದ ಹುಡುಗ, ದಾಂಡಿಗ. ಉಳಿದವರೆಲ್ಲ ಅವಳನ್ನು ಮಿಸ್ ವರ್ನಾ ಎನ್ನುತ್ತಿದ್ದರೆ ಇವನೊಬ್ಬ ಮೂರನೇ ದಿನಕ್ಕೇ ಅಮ್ಮ ಎಂದ. ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟಕ್ಕೆ ಅವನು ತಡವಿ ಕೈ ಹಾಕುವುದನ್ನು ವರ್ನಾ ಒಂದು ತಿಂಗಳು ಸುಮ್ಮನೆ ನೋಡಿದಳು. ಆಮೇಲೆ, ಬೇರೆ ಯಾರೂ ಇಲ್ಲದಾಗ ಕೇಳಿದಳು.

"ಚಿಕ್ಕೋನಿದ್ದಾಗ ನಮ್ಮಣ್ಣ ಕಲ್ಲಲ್ಲಿ ಹೊಡೆದ," ಎಂದ ಆಲ್ಸಿ. "ನೇರ ಬಂದ್ರೆ ಕಾಣ್ಸತ್ತೆ. ಎದೆಯಿಂದ ಮೇಲಕ್ಕೆ, ಮೈಗೆ ಹತ್ರ ಬಂದ್ರೆ ಚೆಂಡು ಒಂದು ಗಳಿಗೆ ಮಾಯ ಆಗ್ಬಿಡತ್ತೆ."

"ಡಾಕ್ಟ್ರು ಹೇಗೋ ಪಾಸ್ ಮಾಡಿದ್ರು?"

"ಸಾಲಲ್ಲಿ ಕೊನೇಗೆ ನಿಂತಿದ್ದೆ. ಮುಂದಿನೋರು ಓದಿದ್ದೆಲ್ಲ ಬಾಯಿಪಾಠ ಆಗಿತ್ತು." ಅವನು ನಗುನಗುತ್ತ ಹೇಳಿದವನು, ಥಟ್ಟನೆ ಅವಳ ಮುಂಗೈ ಹಿಡಿದುಕೊಂಡ. "ಯಾರ ಹತ್ರಾನೂ ಹೇಳ್ಬೇಡ ಅಮ್ಮ. ಗೊತ್ತಾದ್ರೆ ನನ್ನ ಕಥೆ ಮುಗೀತು."

ವರ್ನಾ ಗಂಡ ಡೆಲ್ಬರ್ಟನಿಗೂ ಹೇಳಲಿಲ್ಲ. ಚಳಿಗಾಲದಲ್ಲಿ ಮೇಲಿನವರು ಆಲ್ಸಿಯನ್ನು ಬೇರೆ ತಂಡಕ್ಕೆ ಕೊಟ್ಟು, ಅವನ ಬದಲು ಒಬ್ಬ ಹಳೇ ಆಟಗಾರನನ್ನು ತಂದರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಅವಳು ಕೈಲಿದ್ದ ಬಾಣಲೆಯನ್ನು ಗೋಡೆಗೆ ಎಸೆದಳು. ಹುಡುಗ ಈಗ ನಲವತ್ತು ಮೈಲಿ ಆಚೆಯ ಮ್ಯಾರೋ ಕ್ರೀಕಿನ ತಂಡದಲ್ಲಿ ಆಡುತ್ತಿದ್ದ. ಎದುರಾಳಿಗಳೆಂದರೆ ಎದುರಾಳಿಗಳು, ಎರಡೂ ಊರಿನವರು ಒಬ್ಬರ ಮುಖಕ್ಕೆ ಒಬ್ಬರು ಬಿಯರ್ ಎರಚದೆ ಮುಗಿದ ಆಟವೇ ಇರಲಿಲ್ಲ.

ಈ ವರ್ಷ ಹಿಂದಿನ ಕೋಣೆಗೆ ಬಂದವನು ಕ್ಲೀಟಸ್ ಪೋಗ್, ಒಕ್ಲಹೋಮಾದವನು, ಎಸೆತಗಾರ. ಅವನ ಚೆಂಡು ಗುಂಡಿನಂತೆ ಹೋಗುತ್ತಿತ್ತು, ಎಲ್ಲಿಗೆ ಹೋಗುತ್ತದೆ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಜೂನ್ ಬರುವಷ್ಟರಲ್ಲಿ ಆರು ಆಟ ಸೋತ. ತಂಡದ ಮ್ಯಾನೇಜರ್ ಗ್ರೂಬ್, ಎಲ್ಲರೆದುರಿಗೆ ಅವನ ಹಿಂಗತ್ತಿಗೆ ಹೊಡೆದು, "ಇನ್ನೊಂದು ಸೋಲು, ಆಮೇಲೆ ಹೋಗಿ ನಿಮ್ಮಪ್ಪನ ಹಂದಿ ಕಾಯಿ," ಎಂದಿದ್ದ.

ಮ್ಯಾರೋ ಕ್ರೀಕಿನವರ ಜೊತೆ ಆಟವಿದ್ದ ಹಿಂದಿನ ಸಂಜೆ ಕ್ಲೀಟಸ್ ತುತ್ತು ನುಂಗಲಾರದವನಂತೆ ಬೀನ್ಸು, ಜೋಳದ ಬ್ರೆಡ್ಡಿನ ಮುಂದೆ ಕೂತಿದ್ದ.

"ಒಬ್ಬೊಬ್ಬರಿಗೂ ಏನು ಹಾಕ್ಬೇಕು ಅಂತ ಹೇಳಿಕೊಡಿ ಮಿಸ್ ವರ್ನಾ," ಎಂದ. "ಗ್ರೂಬ್‌ಗಿಂತ ನಿಮಗೆ ಜಾಸ್ತಿ ಗೊತ್ತು ಅಂತ ಎಲ್ಲಾರೂ ಹೇಳ್ತಾರೆ."

ಅಷ್ಟು ಕೇಳಿದ್ದೇ ಸಾಕಾಯಿತು. ಇಪ್ಪತ್ತೆರಡು ವರ್ಷ ಕೋಳಿಗಳ ಕಿರುಚಾಟದ ನಡುವೆ ಕೂಗಿ ಹೇಳುತ್ತಿದ್ದದ್ದನ್ನು, ಆಟಗಾರನೊಬ್ಬ ಎದುರು ಕೂತು ಕೇಳಿದ್ದು ಇದೇ ಮೊದಲು. ವರ್ನಾ ಕುರ್ಚಿ ಎಳೆದುಕೊಂಡಳು. ಮೊದಲನೆಯವನಿಗೆ ಕೆಳಗೆ ಹಾಕು, ಅವನು ಬಗ್ಗಲ್ಲ. ಎರಡನೆಯವನು ಮೊದಲ ಚೆಂಡಿಗೇ ಬೀಸ್ತಾನೆ, ದೂರ ಹಾಕು.

"ಮೂರನೆಯವ ಆಲ್ಸಿ. ಅವನು ನಿದ್ದೆಗಣ್ಣಲ್ಲೂ ನನ್ನ ಚೆಂಡು ಹೊಡೀತಾನೆ," ಎಂದ ಕ್ಲೀಟಸ್.

"ಮೈಗೆ ಹತ್ರ ಹಾಕು, ಎದೆಯಿಂದ ಮೇಲೆ. ಅವನ ಎಡಗಣ್ಣಿಗೆ ಅದು ಕಾಣಲ್ಲ," ಎಂದಳು ವರ್ನಾ, ಬೆಣ್ಣೆಯ ಬಟ್ಟಲನ್ನು ಅವನತ್ತ ತಳ್ಳುತ್ತ.

ಡೆಲ್ಬರ್ಟ್ ಚಮಚ ಕೆಳಗಿಟ್ಟ. ಗರಗಸದ ಕಾರ್ಖಾನೆಯಲ್ಲಿ ಎರಡು ಬೆರಳು ಕಳಕೊಂಡ ಮನುಷ್ಯ, ಮಾತು ಕಮ್ಮಿ. "ಏನಂದೆ ನೀನು ಈಗ?"

"ಆಟದ ಮಾತು ಕಣೋ."

"ಆ ಹುಡುಗ ನಿನ್ನನ್ನ ನಂಬಿ ಹೇಳಿದ್ದಾ ಅದು?"

ಆಡಿದ ಮಾತು ಆಗಲೇ ಮೇಜಿನ ಆಚೆ ದಾಟಿತ್ತು. "ಇದನ್ನ ಎಲ್ಲೂ ಹೇಳ್ಬೇಡ ಕ್ಲೀಟಸ್," ಎಂದಳು. ಅವನು ತಲೆಯಾಡಿಸಿ, ಆ ವಾರದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡ.

ಮರುದಿನ ಅವನು ಗೆದ್ದ. ಆಲ್ಸಿ ಮೂರು ಸಲ ಬಂದು ಮೂರು ಸಲವೂ ಗಾಳಿಗೆ ಬೀಸಿ ಹೋದ. ಗ್ರೂಬ್ ಹುಡುಗನ ಕಾಲರು ಹಿಡಿದು, "ಅವನಿಗೆ ಏನು ಹಾಕಿದ್ಯೋ?" ಎಂದು ಕೇಳಿದ. ಕೆಲಸ ಹೋಗುವ ಭಯದಲ್ಲಿದ್ದ ಹುಡುಗ ಎಷ್ಟು ಹೊತ್ತು ಮುಚ್ಚಿಟ್ಟಾನು? ಹೇಳಿಬಿಟ್ಟ.

ಜುಲೈ ತಿಂಗಳಲ್ಲಿ ಮ್ಯಾರೋ ಕ್ರೀಕಿನವರು ಮತ್ತೆ ಬಂದರು. ಶನಿವಾರ ಅವರ ಎಸೆತಗಾರ ಹೋಲ್ಡನ್ ಗ್ಯಾಪಿನ ದಾಂಡಿಗನೊಬ್ಬನ ಮಣಿಕಟ್ಟಿಗೆ ಚೆಂಡು ಹೊಡೆದು ಎಲುಬು ಮುರಿದ. ಮೂಳೆ ಚರ್ಮದಿಂದ ಹೊರಗೆ ಬಂದದ್ದು ಮೂರನೇ ಸಾಲಿನಲ್ಲಿ ಕೂತವರಿಗೂ ಕಂಡಿತು. ಇದಕ್ಕೆ ಲೆಕ್ಕ ತೀರಿಸುವ ಕ್ರಮ ಆಟದಲ್ಲಿ ಎಲ್ಲರಿಗೂ ಗೊತ್ತು, ಯಾವ ಪುಸ್ತಕದಲ್ಲೂ ಬರೆದಿಲ್ಲ. ಮರುದಿನ ಅವರ ಕಡೆಯ ಒಳ್ಳೆಯ ದಾಂಡಿಗನೊಬ್ಬನ ಪಕ್ಕೆಗೆ ಒಂದು ಬೀಳಬೇಕು. ಅವನು ಉಜ್ಜಿಕೊಂಡು ನಡೆಯಬೇಕು. ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಕ್ಲೀಟಸ್ ತಟ್ಟೆ ಮುಟ್ಟಲಿಲ್ಲ.

"ಗ್ರೂಬ್ ನಂಗೆ ಹೇಳಿದಾರೆ. ಆಲ್ಸಿಗೆ. ಮೊದಲನೇ ಸಲ ಬಂದಾಗ್ಲೇ."

"ಪಕ್ಕೆಗೆ ತಾನೆ?"

ಹುಡುಗ ತಟ್ಟೆಯನ್ನು ಆಚೆ ಸರಿಸಿದ.

"ಪಕ್ಕೆಗೆ ತಾನೇನೋ?"

"ಅವನಿಗೆ ಕಾಣದೇ ಇರೋ ಕಡೆಗೆ ಅಂದ್ರು. ತಪ್ಪಿಸ್ಕೋಬಾರ್ದಂತೆ."

ವರ್ನಾ ಅವನ ಎರಡೂ ಭುಜ ಹಿಡಿದು ಅಲುಗಾಡಿಸಿದಳು. "ನೀನು ಪಕ್ಕೆಗೆ ಹಾಕು! ಕೆಳಗೆ ಹಾಕು! ಕೇಳಿಸ್ತಾ?"

"ನನ್ನ ಕೈ ಹೇಳಿದ ಕಡೆಗೆ ಹೋಗೋದಾಗಿದ್ರೆ ನಾನ್ಯಾಕೆ ಈ ಊರಲ್ಲಿರ್ತಿದ್ದೆ ಮಿಸ್ ವರ್ನಾ?" ಎಂದು ಹುಡುಗ ಅಳತೊಡಗಿದ. "ಹಾಕಲ್ಲ ಅಂದ್ರೆ ಸಂಜೆ ಬಸ್ಸಿಗೆ ಕಳಿಸ್ತಾರೆ."

ಅವಳು ಬೂಟು ಮೆಟ್ಟಿಕೊಂಡು ಮೈದಾನಕ್ಕೆ ಓಡಿದಳು. ಮ್ಯಾರೋ ಕ್ರೀಕಿನವರು ಅಭ್ಯಾಸಕ್ಕೆ ಇಳಿದಿದ್ದರು. ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ಆಲ್ಸಿಯನ್ನು ಕರೆದಳು. ಅವನು ಬಾಯ್ತುಂಬ ನಗುತ್ತ ಬಂದ.

"ಅಮ್ಮ! ಹೋದ ಸಲ ನೋಡೋಕೂ ಬರ್ಲಿಲ್ಲ ನೀನು. ಹೊಸ ಮಗ ಸಿಕ್ಕಿದ ಅಂತ ಹಳೇ ಮಗನ್ನ ಮರೆತ್ಬಿಟ್ಯಾ?"

"ಇವತ್ತು ನಿಂಗೆ ಹೊಡೀತಾರೆ ಕಣೋ."

"ಗೊತ್ತು. ಇಡೀ ಮೈದಾನಕ್ಕೇ ಗೊತ್ತು." ಹಿಂದೆ ನಿಂತ ಇಬ್ಬರು ಜೊತೆಗಾರರು ನಕ್ಕರು. ಒಬ್ಬ, "ಅಮ್ಮಂಗೆ ಮುತ್ತು ಕೊಡೋ ಪಾಪಚ್ಚಿ," ಎಂದು ಕೀಟಲೆ ಮಾಡಿದ.

"ಪಕ್ಕೆಗಲ್ಲ ಆಲ್ಸಿ. ಇವತ್ತು ಆಡ್ಬೇಡ. ಹೊಟ್ಟೆನೋವು ಅನ್ನು."

"ಹೆದರ್ಕೊಂಡು ಕೂತ ಅನ್ನಿಸ್ಕೊಳ್ಲಾ? ಮುಂದಿನ ವಾರ ಮೇಲಿನೋರು ನನ್ನ ನೋಡೋಕೆ ಬರ್ತಾ ಇದಾರೆ, ಈಗ ಕೂತ್ರೆ ಹೇಗೆ?"

ಹೇಳಬೇಕಾದದ್ದು ಒಂದೇ ಮಾತು. ನಿನ್ನ ಕಣ್ಣಿನ ವಿಷಯ ಅವರಿಗೆ ಗೊತ್ತು, ಗೊತ್ತು ಮಾಡಿದವಳು ನಾನು. ಜೊತೆಗಾರರು ಕಿವಿಗೊಟ್ಟು ನಿಂತಿದ್ದರು. ಅವರೆದುರು ಹೇಳಿದರೆ ಹುಡುಗನ ಗುಟ್ಟು ಅಲ್ಲೇ ರಟ್ಟಾಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಇನ್ನರ್ಧ ಎಂದರೆ, ಅವನು ಹೀಗೆ ನಗುವುದನ್ನು ನಿಲ್ಲಿಸಿ ತನ್ನನ್ನು ನೋಡುವುದು ಅವಳಿಗೆ ಬೇಡವಾಗಿತ್ತು. "ದೂರ ನಿಲ್ಲು, ದೂರ ನಿಲ್ಲು," ಎಂದಷ್ಟೇ ಎರಡು ಸಲ ಹೇಳಿದಳು. ಅವನು ತಂತಿಯ ಮೇಲಿಂದ ಅವಳ ಬೆರಳು ತಟ್ಟಿ ಓಡಿಹೋದ.

ಮೂರನೆಯವನಾಗಿ ಆಲ್ಸಿ ದಾಂಡು ಹಿಡಿದು ಬಂದಾಗ ಊರಿನವರು ಎದ್ದು ನಿಂತು ಕಾಲಿನಿಂದ ಹಲಗೆ ಗುದ್ದತೊಡಗಿದರು. ಕ್ಲೀಟಸ್ ಕೈ ಎತ್ತಿದ. ಚೆಂಡು ಅವನ ಕೈ ಬಿಟ್ಟ ಕೂಡಲೇ ವರ್ನಾಳಿಗೆ ತಿಳಿಯಿತು. ಆಲ್ಸಿ ಕದಲಲಿಲ್ಲ. ಬರುವ ಚೆಂಡಿಗೆ ಯಾವ ಮನುಷ್ಯನಾದರೂ ತಲೆ ಹಿಂದಕ್ಕೆಳೆಯುತ್ತಾನೆ. ಅವನು ಕಾಯುತ್ತ ನಿಂತೇ ಇದ್ದ. ಹೆಲ್ಮೆಟ್ಟು ಕಿವಿಯನ್ನು ಕಾಯುತ್ತದೆ, ಕಣ್ಣನ್ನಲ್ಲ. ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಅವನು ಮೊಣಕಾಲೂರಿ, ಆಮೇಲೆ ಮುಖ ಅಡಿಯಾಗಿ ಬಿದ್ದ. ಬಿಳಿ ಸುಣ್ಣದ ಗೆರೆಯ ಮೇಲೆ ರಕ್ತ ಹರಿದು ಮಣ್ಣಿಗಿಳಿಯಿತು.

ಆಮೇಲೆ ಮ್ಯಾರೋ ಕ್ರೀಕಿನವರೆಲ್ಲ ಒಟ್ಟಿಗೆ ನುಗ್ಗಿದರು. ಕ್ಲೀಟಸ್ ಓಡಲಿಲ್ಲ, ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಮುಂದಿನ ದಾಂಡಿಗ ದಾಂಡು ಹಿಡಿದೇ ಬಂದು ಅವನ ಭುಜಕ್ಕೆ ಬೀಸಿದ, ಬಿದ್ದ ಮೇಲೆ ಮೊಳೆಯ ಬೂಟಿನಿಂದ ಸೊಂಟಕ್ಕೆ ಒದ್ದ. ಎರಡೂ ತಂಡಗಳು ಹೆಣೆದುಕೊಂಡು ಉರುಳಾಡಿದವು; ಕಿವಿ ಕಚ್ಚಿದರು, ಕಣ್ಣಿಗೆ ಬೆರಳು ಹಾಕಿದರು. ಊರಿನವರು ಬಾಟಲಿ ಎಸೆಯುತ್ತ ಬೇಲಿ ಹಾರಿದರು. ಡೆಲ್ಬರ್ಟ್ ಮೂರು ಬೆರಳಿನ ಕೈಯಲ್ಲಿ ಹೆಂಡತಿಯ ಸೊಂಟ ಹಿಡಿದು ತಡೆಯಲು ನೋಡಿದ. ಅವಳು ಅವನನ್ನು ನೂಕಿ ಗುಂಪಿನೊಳಗೆ ತೂರಿದಳು. ಯಾರದೋ ಮೊಣಕೈ ಬಾಯಿಗೆ ಬಡಿದು ತುಟಿ ಒಡೆಯಿತು, ಹಲ್ಲೊಂದು ಅಲ್ಲಾಡಿತು. ಅದನ್ನು ಕಿತ್ತು ಉಗಿದು, ಆಲ್ಸಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಕಣ್ಣಿದ್ದ ಜಾಗದಲ್ಲಿ ಕಣ್ಣೆಂದು ಗುರುತಿಸುವಂಥದ್ದು ಉಳಿದಿರಲಿಲ್ಲ. ಗ್ರೂಬ್ ತನ್ನ ಬೆಂಚಿನ ಮುಂದೆ ನಿಂತು ಹೊಗೆಸೊಪ್ಪು ಅಗಿಯುತ್ತಿದ್ದ.

ಜಿಲ್ಲಾ ಆಸ್ಪತ್ರೆಯಲ್ಲಿ ಆಲ್ಸಿಯ ಕಣ್ಣು ತೆಗೆದರು. ಮೇಲಿನ ಮಹಡಿಯಲ್ಲಿ ಕ್ಲೀಟಸ್‌ನ ಭುಜಕ್ಕೆ ತಂತಿ ಹಾಕಿದರು. ಅವನು ಮತ್ತೆಂದೂ ಎಸೆಯಲಾರ ಎಂದು ನರ್ಸು ಹೇಳಿದಳು. ಸೋಮವಾರ ಬೆಳಿಗ್ಗೆ ವರ್ನಾ ಕಾರ್ಖಾನೆಗೆ ಹೋಗದೆ ಆಲ್ಸಿಯ ಮಂಚದ ಪಕ್ಕ ಕೂತಿದ್ದಳು. ಅವನಿಗೆ ಎಚ್ಚರವಾಯಿತು.

"ಅಮ್ಮ," ಎಂದ, ಪಟ್ಟಿಯೊಳಗಿಂದ. "ಡಾಕ್ಟ್ರು ಕೇಳ್ತಾರೆ. ಮೊದಲು ಆ ಕಣ್ಣು ಚೆನ್ನಾಗಿತ್ತು ಅಂತ್ಲೇ ಹೇಳು. ಕೆಟ್ಟಿತ್ತು ಅಂತ ಗೊತ್ತಾದ್ರೆ ಮೋಸ ಮಾಡ್ದ ಅಂತಾರೆ, ಬೇರೆ ಕೆಲಸಕ್ಕೂ ಇಟ್ಕೊಳಲ್ಲ. ನಿನಗೊಬ್ಬಳಿಗೇ ಗೊತ್ತಿರೋದು."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕ್ಲೀಟಸ್ ಬಾಯಿ ಬಿಡುತ್ತಿರಲಿಲ್ಲ, ಗ್ರೂಬ್ ಬಿಡುವುದಂತೂ ಸಾಧ್ಯವೇ ಇರಲಿಲ್ಲ. ವರ್ನಾ ಹಲ್ಲು ಹೋದ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು.

"ನಾನು ಹೇಳ್ಬಿಟ್ಟಿದ್ದೆ ಆಲ್ಸಿ. ಜೂನ್‌ನಲ್ಲಿ, ಕ್ಲೀಟಸ್‌ಗೆ. ಊಟಕ್ಕೆ ಕೂತಾಗ. ಅವನು ಗ್ರೂಬ್‌ಗೆ ಹೇಳಿದ. ಬೇಲಿ ಹತ್ರ ನಿನಗೂ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಯಾಕೆ?" ಎಂದ ಅವನು.

"ಕೇಳಿದ. ನಂಗೆ ಗೊತ್ತಿತ್ತು. ಗೊತ್ತಿದೆ ಅಂತ ತೋರಿಸ್ಕೋಬೇಕು ಅನ್ನಿಸ್ತು."

ಆಲ್ಸಿ ಅವಳ ಮಣಿಕಟ್ಟು ಹಿಡಿದ. ದಾಂಡು ಹಿಡಿಯುವ ಕೈ ಅದು. ಹಿಂಡುತ್ತ ಹೋದ, ಒಳಗೆ ಮೂಳೆಗೆ ಮೂಳೆ ತಾಗಿ ಉಜ್ಜುವುದು ಅವಳಿಗೆ ಗೊತ್ತಾಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಏನೋ ಲಟಕ್ಕೆಂದ ಮೇಲೆ ಬಿಟ್ಟ.

"ಹೊರಗೆ ಹೋಗು."

"ಬಾಗಿಲ ಹೊರಗಿರ್ತೀನಿ. ನಿಮ್ಮಮ್ಮ ಬರೋವರೆಗೆ ಹೋಗಲ್ಲ."

ಅವನು ಗೋಡೆಯ ಕಡೆ ತಿರುಗಿಕೊಂಡ.

ಮಂಗಳವಾರ ಮಧ್ಯಾಹ್ನದವರೆಗೆ ಅವಳು ಆ ಬೆಂಚು ಬಿಟ್ಟು ಕದಲಲಿಲ್ಲ. ಊದಿದ ಮಣಿಕಟ್ಟನ್ನು ನರ್ಸಿಗೂ ತೋರಿಸಲಿಲ್ಲ. ಡೆಲ್ಬರ್ಟ್ ಊಟ ತಂದಿಟ್ಟು, ಏನೂ ಕೇಳದೆ ಹೋದ. ಲೂಸಿಯಾನಾದಿಂದ ಎರಡು ದಿನ ಬಸ್ಸಿನಲ್ಲಿ ಬಂದ ಸಣ್ಣ ಹೆಂಗಸೊಬ್ಬಳು, ಕೈಯಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆ ಹಿಡಿದು, ಕೋಣೆಯ ನಂಬರುಗಳನ್ನು ಓದುತ್ತ ಬಂದಳು. ವರ್ನಾ ಎದ್ದು ದಾರಿಗೆ ಅಡ್ಡ ನಿಂತಳು.

"ನೀವು ಆಲ್ಸಿ ತಾಯಿ ಅಲ್ವಾ? ನಾನು ವರ್ನಾ."

"ಓ, ವರ್ನಾ!" ಎಂದು ಆ ಹೆಂಗಸು ಅವಳನ್ನು ಒಂದೇ ಕೈಯಲ್ಲಿ ತಬ್ಬಿಕೊಂಡಳು. "ಕಾಗದದಲ್ಲೆಲ್ಲ ನಿಮ್ಮದೇ ಸುದ್ದಿ ಬರೀತಿದ್ದ."

ವರ್ನಾ ಆ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಒಳಗೆ ಹೋಗುವ ಮುಂಚೆ ಇದನ್ನ ಕೇಳಿ ಎಂದು, ಎಲ್ಲವನ್ನೂ ಹೇಳಿದಳು. ಊಟದ ಮೇಜು, ಕ್ಲೀಟಸ್, ಬೇಲಿ. ಏನನ್ನೂ ಬಿಡಲಿಲ್ಲ, ತನಗೆ ಅನುಕೂಲವಾಗುವಂಥದ್ದನ್ನು ಒಂದನ್ನೂ ಸೇರಿಸಲಿಲ್ಲ.

ಆ ತಾಯಿ ಪೆಟ್ಟಿಗೆಯನ್ನು ಜೋಪಾನವಾಗಿ ನೆಲದ ಮೇಲಿಟ್ಟಳು. ಮೈಯೆಲ್ಲ ಬಲ ಹಾಕಿ ವರ್ನಾಳ ಕೆನ್ನೆಗೆ ಬಾರಿಸಿದಳು. ತುಟಿ ಮತ್ತೆ ಒಡೆದು ಗದ್ದದ ಮೇಲೆ ರಕ್ತ ಇಳಿಯಿತು. ವರ್ನಾ ಒರೆಸಿಕೊಳ್ಳಲಿಲ್ಲ.

"ಯಾವ ಬಾಗಿಲು?" ಎಂದಳು ಆ ಹೆಂಗಸು.

ವರ್ನಾ ನೋಯದ ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದು, ಬಾಗಿಲು ತೆರೆದು, ಅದನ್ನು ಹೊಸ್ತಿಲೊಳಗೆ ಇಟ್ಟು ಹಿಂದೆ ಸರಿದಳು.